ಆರನೇ ಜಾಡಿ ಎಲ್ಲಿ ಹೋಯಿತು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಯ ಅಡುಗೆಮನೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಖಾಲಿ ಗಾಜಿನ ಜಾಡಿಯನ್ನು ಬಲ್ಬಿಗೆ ಎದುರಾಗಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ತಳ ನೋಡುತ್ತಾರೆ, ಅಂಚಿನ ಮೇಲೆ ಬೆರಳಾಡಿಸುತ್ತಾರೆ, ಒಮ್ಮೆ ಉಗುರಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಸರಿಯಿದೆ ಅನ್ನಿಸಿದರೂ ಕೆಳಗಿಡುವುದಿಲ್ಲ, ಇನ್ನೊಂದು ಸುತ್ತು ತಿರುಗಿಸುತ್ತಾರೆ. ಹೀಗೆ ಹದಿನಾಲ್ಕು ಜಾಡಿ. ಅಷ್ಟರಲ್ಲಿ ಪಕ್ಕದ ಮನೆಯವರು ಎದ್ದು, ಕಾಫಿ ಕುಡಿದು, ಎರಡನೇ ಲೋಟಕ್ಕೆ ಕೈಹಾಕಿರುತ್ತಾರೆ.

ಓಣಿಗೆಲ್ಲ ಇವರು ಸೋಡಾ ಅಕ್ಕ. ಅಂಗಡಿಯಲ್ಲಿ ಸಿಗುವ ತಂಪು ಪಾನೀಯಗಳಿಂದ ಜೆಲ್ಲಿ ಮಾಡಿ ಜಾಡಿಗೆ ತುಂಬಿ ಮಾರುವುದು ಇವರ ಕಸುಬು. ಕಪ್ಪು ಕೋಲಾ, ಕಿತ್ತಳೆ ಬಣ್ಣದ್ದು, ಹಸಿರು ನಿಂಬೆಯದು, ಶುಂಠಿಯದು, ಎಲ್ಲವೂ ಇವರ ಒಲೆಯ ಮೇಲೆ ಕುದಿದು ಬ್ರೆಡ್ಡಿಗೆ ಹಚ್ಚಿಕೊಳ್ಳುವ ಜೆಲ್ಲಿಯಾಗಿ ಇಳಿಯುತ್ತವೆ. ಕೇಳಿದವರು ಮೊದಲು ಮೂಗು ಮುರಿಯುತ್ತಾರೆ, ತಿಂದವರು ಮತ್ತೆ ಬರುತ್ತಾರೆ. ಹೊಗಳಿದರೆ ಮಾತ್ರ ಅಕ್ಕನಿಗೆ ಗಾಬರಿ. "ಚೆನ್ನಾಗಿದೆ ಅನ್ನೋದು ಬೇಡ. ತಿಂದು ಎರಡು ದಿನ ಆದ್ಮೇಲೆ ಆರಾಮಾಗಿದೀನಿ ಅನ್ನಿ. ಅದೇ ದೊಡ್ಡದು" ಅನ್ನುತ್ತಾರೆ.

ಇದು ತಮಾಷೆಯ ಮಾತಲ್ಲ. ಸೋಡಾ ಅಕ್ಕನಿಗೆ ನಿಜವಾಗಿ ಹೆದರಿಕೆಯಿದೆ. ತಾನು ಮಾಡಿದ್ದನ್ನು ತಿಂದು ಯಾರಿಗಾದರೂ ಏನಾದರೂ ಆದರೆ ಎಂಬ ಹೆದರಿಕೆ. ಎಂಟು ವರ್ಷದಿಂದ ಅದನ್ನು ಸೆರಗಿಗೆ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಾರೆ. ಎರಡು ತಿಂಗಳ ಹಿಂದೆ ಆ ಹೆದರಿಕೆಗೆ ಒಂದು ಮುಖ ಬಂತು.

ಮೊದಲು ಕೆಲಸದ ವಿಷಯ. ಪಾನೀಯವನ್ನು ಹಾಗೇ ಒಲೆಗಿಡುವಂತಿಲ್ಲ, ಉಕ್ಕಿ ಒಲೆ ಮುಳುಗಿಸುತ್ತದೆ. ಹಿಂದಿನ ಸಂಜೆಯೇ ಅಗಲವಾದ ಪಾತ್ರೆಗೆ ಸುರಿದು, ತೆಳುವಾದ ಬಟ್ಟೆ ಮುಚ್ಚಿ, ಗ್ಯಾಸೆಲ್ಲ ಹೋಗಲು ಬಿಡಬೇಕು. ಬೆಳಿಗ್ಗೆ ನಾಲ್ಕು ಲೋಟ ಅಳೆದು, ನಾಲ್ಕು ನಿಂಬೆಹಣ್ಣಿನ ರಸ ಹಾಕಿ, ಪೆಕ್ಟಿನ್ ಪುಡಿ ಕಲಸಿ ಕುದಿಸಬೇಕು. ಹಣ್ಣಿನ ಸಿಪ್ಪೆಯಿಂದ ತೆಗೆಯುವ ಆ ಪುಡಿಗೆ ಅಕ್ಕ ಇಟ್ಟಿರುವ ಹೆಸರು 'ಗಟ್ಟಿಪುಡಿ'. ಕುದಿ ಬಂದ ಮೇಲೆ ಸಕ್ಕರೆ. ಆಮೇಲೆ ಸೌಟಾಡಿಸಿದರೂ ತಗ್ಗದ ಹಾಗೆ ಕೊತಕೊತ ಕುದಿಯಬೇಕು, ಸರಿಯಾಗಿ ಒಂದು ನಿಮಿಷ. ನೊರೆ ತೆಗೆದು, ಬಿಸಿ ಜಾಡಿಗೆ ಬಿಸಿಯಾಗಿಯೇ ಸುರಿದು, ಮೇಲೆ ಕಾಲು ಅಂಗುಲ ಜಾಗ ಬಿಟ್ಟು ಮುಚ್ಚಳ ಹಾಕಿ, ಜಾಡಿಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಬೇಕು.

ಹೊರಗೆ ತೆಗೆದಿಟ್ಟ ಮೇಲೆ ಈ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಜಾಡಿ ಆರುತ್ತಾ ಬಂದಂತೆ ಒಳಗಿನ ಗಾಳಿ ಕುಗ್ಗಿ ಮುಚ್ಚಳದ ನಡು ಕೆಳಕ್ಕೆ ಎಳೆದುಕೊಳ್ಳುತ್ತದೆ, 'ಟಕ್' ಎಂದು ಸದ್ದಾಗುತ್ತದೆ. ಒಂದು ಪಾಕಕ್ಕೆ ಏಳು ಜಾಡಿ, ಏಳು ಟಕ್. ಸೋಡಾ ಅಕ್ಕ ನೆಲದ ಮೇಲೆ ಕೂತು ಬೆರಳು ಮಡಚುತ್ತಾರೆ. ಆರಕ್ಕೆ ನಿಂತರೆ ಅವರ ಮುಖ ನೋಡಲಾಗುವುದಿಲ್ಲ. ಏಳನೆಯದು ಬಿದ್ದ ಮೇಲೂ ಎದ್ದು ಹೋಗಿ ಒಂದೊಂದೇ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ದಿನಕ್ಕೆ ಎರಡು ಪಾಕ, ವಾರಕ್ಕೆ ನಾಲ್ಕು ದಿನ. ಮಾಡಿದ ಜಾಡಿ ಎರಡು ಹಗಲು ಎರಡು ರಾತ್ರಿ ಕಪಾಟಿನಲ್ಲಿ ಕೂತು ಗಟ್ಟಿಯಾದ ಮೇಲೆಯೇ ಹೊಸಿಲು ದಾಟಬೇಕು. ಇದು ಮನೆಯ ಕಾನೂನು.

"ನಮ್ಮತ್ತೆ ಜೆಲ್ಲಿ ಮಾಡಲ್ಲ, ಜೆಲ್ಲಿಗೆ ಪರೀಕ್ಷೆ ಮಾಡ್ತಾರೆ" ಎಂದು ಸೊಸೆ ನಗುತ್ತಾಳೆ. ಲೇಬಲ್ ಅಂಟಿಸುವುದು, ಅಂಗಡಿಗೆ ಕೊಂಡೊಯ್ಯುವುದು, ಪಾತ್ರೆ ತೊಳೆಯುವುದು ಅವಳ ಪಾಲು. ಮಗ ಲಾರಿ ಓಡಿಸುತ್ತಾನೆ, ವಾರಕ್ಕೆರಡು ದಿನ ಮನೆಗೆ ಬಂದಾಗ ಜಾಡಿಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಾನೆ.

ಈ ಪರೀಕ್ಷೆಯ ಚಾಳಿ ಅಕ್ಕನಿಗೆ ಬಂದದ್ದು ಫ್ಯಾಕ್ಟರಿಯಿಂದ. ಪಾನೀಯ ತುಂಬಿಸುವ ಫ್ಯಾಕ್ಟರಿಯೊಂದರಲ್ಲಿ ಹದಿನಾರು ವರ್ಷ ಅವರು ದೀಪದ ಮುಂದೆ ಕೂತಿದ್ದರು. ಬಿಳಿ ಬೆಳಕಿನ ಹಲಗೆಯ ಎದುರು ನಿಮಿಷಕ್ಕೆ ಅರವತ್ತು ಬಾಟಲಿ ಸಾಲಾಗಿ ಹಾದುಹೋಗುತ್ತವೆ. ಕಸ, ಕೂದಲು, ಬಿರುಕು, ಏನು ಕಂಡರೂ ಎತ್ತಿ ಪಕ್ಕಕ್ಕಿಡಬೇಕು. ಎತ್ತಲು ತಡವಾದರೆ ಕೆಂಪು ಗುಂಡಿ ಒತ್ತಿ ಸಾಲನ್ನೇ ನಿಲ್ಲಿಸಬಹುದು. ನಿಲ್ಲಿಸಿದರೆ ಮೇಲ್ವಿಚಾರಕನಿಂದ ಮಂಗಳಾರತಿ.

"ಸಾಲು ನಿಲ್ಸಿದ್ದಕ್ಕೆ ಅದರ ಹಿಂದಿನ ವಾರ ತಾನೆ ಬೈಸ್ಕೊಂಡಿದ್ದೆ" ಎಂದು ಆಗಿನ ಒಂದು ದಿನದ ಕತೆ ಹೇಳುತ್ತಾರೆ ಸೋಡಾ ಅಕ್ಕ. ಈ ಮಾತು ಹೇಳುವಾಗ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇರುತ್ತಾರೆ. "ಅವತ್ತು ಒಂದು ಬಾಟಲಿ ತಳದಲ್ಲಿ ಏನೋ ಮಿಂಚಿದ ಹಾಗಾಯ್ತು. ಗಾಜಿನ ಚೂರು ಇರ್ಬೇಕು. ಅಷ್ಟರಲ್ಲಿ ಮುಂದೆ ಹೋಗಿತ್ತು. ಗುಂಡಿ ಹತ್ರ ಕೈ ಹೋಯ್ತು, ಆದ್ರೆ ಒತ್ತಲಿಲ್ಲ. ಯಾರಿಗೂ ಹೇಳ್ಲೂ ಇಲ್ಲ. ಅದನ್ನ ಯಾರು ಕುಡಿದ್ರೋ, ಏನಾಯ್ತೋ ಇವತ್ತಿಗೂ ಗೊತ್ತಿಲ್ಲ."

ಮುಂದೆ ಬಾಟಲಿ ನೋಡುವ ಕೆಲಸಕ್ಕೆ ಯಂತ್ರ ಬಂತು, ದೀಪದ ಮುಂದಿನ ಹೆಂಗಸರೆಲ್ಲ ಮನೆಗೆ ಬಂದರು. ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ಒಂದು ದಿನ ಫೋನಿನಲ್ಲಿ ಯಾರೋ ಕೋಲಾದಿಂದ ಜೆಲ್ಲಿ ಮಾಡುವುದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ, ಇನ್ನೊಂದು ಸಲ ತೋರಿಸು ಅಂದರು. ಮೊದಲ ಪಾಕ ಉಕ್ಕಿ ಅಡುಗೆಮನೆಯ ನೆಲ ಒಂದು ವಾರ ಚಪ್ಪಲಿ ಹಿಡಿದು ನಿಲ್ಲಿಸುತ್ತಿತ್ತಂತೆ. ಎರಡನೆಯದು ಕಲ್ಲಾಯಿತು, ಚಮಚ ಬಗ್ಗಿತು. ಆರನೆಯದೋ ಏಳನೆಯದೋ ನಡುಗುತ್ತಾ ತಟ್ಟೆಗೆ ಬಿದ್ದಾಗ ಇಬ್ಬರೂ ಅದನ್ನೇ ನೋಡುತ್ತಾ ಕೂತರಂತೆ. ಮೊದಲು ಅಕ್ಕ ಒಬ್ಬರೇ ತಿಂದರು, ಮೂರು ದಿನ ಕಾದ ಮೇಲೆ ಸೊಸೆಗೆ ಕೊಟ್ಟರು.

ಇನ್ನು ಎರಡು ತಿಂಗಳ ಹಿಂದಿನ ಕತೆ.

ಸೋಡಾ ಅಕ್ಕನ ಕೆಲಸದಲ್ಲಿ ಒಂದು ಕ್ರಮವಿದೆ. ಹಾಕಬೇಕಾದ್ದೆಲ್ಲ ಒಲೆಯ ಬಲಕ್ಕೆ, ಹಾಕಿ ಆದದ್ದೆಲ್ಲ ಎಡಕ್ಕೆ. ಸಕ್ಕರೆಯ ಡಬ್ಬ, ಗಟ್ಟಿಪುಡಿಯ ಖಾಲಿ ಪೊಟ್ಟಣ, ನಿಂಬೆರಸದ ಸ್ಟೀಲ್ ಬಟ್ಟಲು, ಒಂದೊಂದಾಗಿ ಬಲದಿಂದ ಎಡಕ್ಕೆ ದಾಟುತ್ತವೆ. ಬಲಗಡೆ ಖಾಲಿಯಾಯಿತೆಂದರೆ ಪಾಕಕ್ಕೆ ಎಲ್ಲವೂ ಬಿದ್ದ ಹಾಗೆ. ನೆನಪಿಗಿಂತ ಇದೇ ಗಟ್ಟಿ ಎಂದು ಎಂಟು ವರ್ಷ ನಂಬಿದ್ದರು. ಅವತ್ತು ಬೆಳಿಗ್ಗೆ ಅಕ್ಕ ಜಾಡಿ ತರಲು ಒಳಗೆ ಹೋದಾಗ, ಬಲಗಡೆ ನೀರು ಚೆಲ್ಲಿದ್ದನ್ನು ಕಂಡ ಸೊಸೆ ಕಟ್ಟೆ ಒರೆಸಿದಳು. ಒರೆಸುವಾಗ ತಟ್ಟೆ ಮುಚ್ಚಿದ್ದ ಒಂದು ಬಟ್ಟಲನ್ನು ಎತ್ತಿ ಎಡಕ್ಕಿಟ್ಟಳು. ವಾಪಸು ಬಂದ ಅಕ್ಕನಿಗೆ ಬಲಗಡೆ ಸಕ್ಕರೆಯ ಡಬ್ಬವೊಂದೇ ಉಳಿದದ್ದು ಕಂಡಿತು, ಸಕ್ಕರೆ ಸುರಿದರು.

ಏಳು ಟಕ್ ಕೇಳಿತು, ಮುಚ್ಚಳಗಳೆಲ್ಲ ಕೂತವು. ಮಧ್ಯಾಹ್ನದ ಹೊತ್ತಿಗೆ ಬಸ್‌ಸ್ಟಾಪಿನ ಅಂಗಡಿಯಿಂದ ಫೋನು ಬಂತು, ಕೋಲಾ ಜೆಲ್ಲಿ ಒಂದೂ ಉಳಿದಿಲ್ಲ, ಇದ್ದರೆ ಕಳಿಸಿ ಎಂದು. ಕಪಾಟಿನಲ್ಲಿ ಹಳೆಯದು ಇರಲಿಲ್ಲ. ಸೊಸೆ ಅತ್ತೆಯ ಮುಖ ನೋಡಿದಳು.

"ಮಾಡಿದ ದಿನ ಯಾವತ್ತೂ ಕಳಿಸಿದವಳಲ್ಲ. ಅವತ್ತು ಹೋಗ್ಲಿ, ಆರು ತಗೊಂಡು ಹೋಗು ಅಂದವಳು ನಾನೇ" ಎನ್ನುತ್ತಾರೆ ಅಕ್ಕ. "ಅವಳ ತಪ್ಪು ಅನ್ಬೇಡಿ. ಬಟ್ಟಲು ಎತ್ತಿಟ್ಟಿದ್ದು ಅವಳು, ಮುಚ್ಚಳ ತೆಗೆದು ನೋಡದೆ ಇದ್ದಿದ್ದು ನಾನು. ಎರಡು ದಿನ ಮನೇಲಿ ಇಟ್ಕೊಂಡಿದ್ರೆ ಗಟ್ಟಿಯಾಗಿಲ್ಲ ಅಂತ ಅಲ್ಲೇ ಗೊತ್ತಾಗ್ತಿತ್ತು."

ನಲ್ಲಿಯಲ್ಲಿ ನೀರು ಬರುವುದು ನಾಲ್ಕು ಗಂಟೆಗೆ. ಎಡಗಡೆಯ ಪಾತ್ರೆಗಳನ್ನು ತೊಳೆಯಲು ಎತ್ತಿಕೊಂಡ ಸೊಸೆಗೆ ಒಂದು ಬಟ್ಟಲು ಯಾಕೋ ಭಾರ ಅನ್ನಿಸಿತು. ತಟ್ಟೆ ಸರಿಸಿದಳು. ನಾಲ್ಕು ನಿಂಬೆಹಣ್ಣಿನ ರಸ ಹಾಗೇ ಕೂತಿತ್ತು.

"ಅತ್ತೆ" ಎಂದಳಂತೆ, ಅಷ್ಟೇ. ಸೋಡಾ ಅಕ್ಕ ಬಂದು ಬಟ್ಟಲು ನೋಡಿದರು. ನಿಂಬೆರಸ ಜೆಲ್ಲಿಯನ್ನು ಗಟ್ಟಿ ಮಾಡುವುದಷ್ಟೇ ಅಲ್ಲ, ಮುಚ್ಚಿದ ಜಾಡಿಯೊಳಗೆ ಕೆಟ್ಟದ್ದು ಬೆಳೆಯದಂತೆ ತಡೆಯುವುದೂ ಅದೇ ಎಂದು ಅವರು ತಿಳಿದಿದ್ದರು. ಹುಳಿ ಸಾಲದ ಜಾಡಿಯೊಳಗೆ ಕಣ್ಣಿಗೆ ಕಾಣದ, ವಾಸನೆಯೂ ಬರದ ವಿಷ ಹುಟ್ಟಬಹುದು ಎಂದು ಎಲ್ಲೋ ಓದಿದ್ದು ತಲೆಯಲ್ಲಿ ಕೂತಿತ್ತು. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಒಂದು ಅವರದು, ಒಂದು ಸೊಸೆಯದು. ಅದು ಗೊತ್ತಾದದ್ದು ಅಂಗಡಿಯ ಮುಂದೆ ನಿಂತಾಗ.

ಕಪಾಟಿನಲ್ಲಿ ಐದು ಜಾಡಿ ಇದ್ದವು. ಅಕ್ಕ ಮತ್ತೆ ಎಣಿಸಿದರು. ಐದೇ.

"ಒಂದು ಹೋಯ್ತಲ್ಲಕ್ಕ, ಈಗ ಒಂದು ಗಂಟೆ ಆಯ್ತು" ಎಂದ ಅಂಗಡಿಯಣ್ಣ. ಯಾರು ಅಂದರೆ ಗೊತ್ತಿಲ್ಲ. "ಬಸ್ಸಿಳಿದು ಬಂದ್ರು. ಹಸಿರು ಚೀಲ ಇತ್ತು. ಬಸುರಿ, ಏಳು ತಿಂಗಳಿರ್ಬೇಕು. ಏನಾದ್ರೂ ಹೊಸ ರುಚಿ ತಿನ್ಬೇಕು ಅನ್ಸ್ತಿದೆ ಅಂದ್ರು, ನಾನೇ ಇದನ್ನ ಕೊಟ್ಟೆ."

ಅಕ್ಕ ಉಳಿದ ಐದೂ ಜಾಡಿಗಳನ್ನು ಸೆರಗಿಗೆ ಹಾಕಿಕೊಂಡರು. ಬೇರೆ ಯಾರಾಗಿದ್ದರೂ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಒಂದು ಜೀವವಲ್ಲ, ಎರಡು.

ಮಾರನೆಯ ದಿನದಿಂದ ಮನೆಯ ಒಲೆ ಜೆಲ್ಲಿಗೆ ಉರಿಯಲಿಲ್ಲ. ಸೋಡಾ ಅಕ್ಕ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ, ಮುಂದೆ ಒಂದು ಖಾಲಿ ಕ್ರೇಟನ್ನು ಮಗುಚಿ ಹಾಕಿಕೊಂಡು ಕೂತರು. ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುವುದು, ಇಳಿದ ಹೆಂಗಸರ ಹೊಟ್ಟೆ ನೋಡುವುದು, ಮತ್ತೆ ಕೂರುವುದು. ಹೀಗೆ ದಿಟ್ಟಿಸಿದ್ದಕ್ಕೆ ಇಬ್ಬರು ಹೆಂಗಸರಿಂದ ಉಗಿಸಿಕೊಂಡದ್ದೂ ಆಯಿತು. ಹಸಿರು ಚೀಲ ಕಂಡರೆ ಅದರ ಹಿಂದೆಯೇ ಓಡುತ್ತಿದ್ದರು. ಆ ವಾರ ಯಾಕೋ ಊರಿನ ಅರ್ಧ ಜನರ ಕೈಯಲ್ಲೂ ಹಸಿರು ಚೀಲವೇ ಇತ್ತಂತೆ. ಆಂಬುಲೆನ್ಸಿನ ಸದ್ದು ಕೇಳಿದರೆ ಅದು ಯಾವ ಕಡೆ ತಿರುಗಿತು ಎಂದು ರಸ್ತೆ ನಡುವೆ ಹೋಗಿ ನೋಡುತ್ತಿದ್ದರು.

"ಜನ ನಾನು ಅಂಗಡಿಗೆ ಕಾವಲು ಇಟ್ಕೊಂಡಿದೀನಿ ಅಂದ್ಕೊಂಡಿದಾರೆ ಅಕ್ಕ. ಚಾಕಲೇಟ್ ಕದಿಯೋ ಮಕ್ಕಳೆಲ್ಲ ಬರೋದೇ ಬಿಟ್ಟಿದಾವೆ" ಎಂದು ಅಂಗಡಿಯಣ್ಣ ನಗಿಸಲು ನೋಡಿದ. ಅಕ್ಕ ಮುಂದಿನ ಬಸ್ಸಿಗೆ ಎದ್ದು ನಿಂತರು. ಮನೆಯಲ್ಲಿ ಉಳಿದಿದ್ದ ಏಳನೇ ಜಾಡಿಯನ್ನು ಮಾತ್ರ ಚೆಲ್ಲಿರಲಿಲ್ಲ. ಕಿಟಕಿಯಲ್ಲಿಟ್ಟು ದಿನಾ ನೋಡುತ್ತಿದ್ದರು. ಬಣ್ಣ ಬದಲಾಯಿತೇ, ಮುಚ್ಚಳ ಉಬ್ಬಿತೇ, ಗುಳ್ಳೆ ಬಂತೇ? ಏನೂ ಇಲ್ಲ, ನೀರುನೀರಾಗಿ ಸುಮ್ಮನೆ ಕೂತಿತ್ತು. ಸುಮ್ಮನಿದ್ದುದಕ್ಕೇ ಅದರ ಮೇಲೆ ಇನ್ನಷ್ಟು ಭಯ.

ಮೂರನೆಯ ದಿನ ಸೊಸೆ ಬುತ್ತಿ ತಂದು ಪಕ್ಕದಲ್ಲಿ ಕೂತಳು. "ಅತ್ತೆ, ನಾನು ಒರೆಸದೇ ಇದ್ದಿದ್ರೆ..." ಎಂದು ಶುರುಮಾಡಿದಳು. "ಬಾಯಿ ಮುಚ್ಕೊಂಡು ಬಸ್ಸು ನೋಡು. ನಿನ್ನ ಕಣ್ಣು ಚುರುಕು" ಎಂದರು ಅಕ್ಕ. ಇಬ್ಬರೂ ಬುತ್ತಿ ಬಿಚ್ಚದೆ ಬಸ್ಸು ನೋಡಿದರು.

ಐದನೆಯ ದಿನ ಹನ್ನೊಂದು ಗಂಟೆಗೆ ಅವಳು ಬಂದಳು. ಇಪ್ಪತ್ತೈದರ ಹುಡುಗಿ, ಅದೇ ಹಸಿರು ಚೀಲ. ಒಂದು ಕೈ ಸೊಂಟದ ಮೇಲೆ, ಮುಖದ ತುಂಬ ನಗು. ಅಕ್ಕನನ್ನು ದಾಟಿ ನೇರ ಅಂಗಡಿಯವನ ಹತ್ತಿರ ಹೋದಳು.

"ಅಣ್ಣಾ, ಆ ಕಪ್ಪು ಜೆಲ್ಲಿ ಇನ್ನೊಂದು ಕೊಡಿ. ಅದೇ ಥರದ್ದು ಬೇಕು, ಗಟ್ಟಿ ಇರ್ಲಿಲ್ಲ ನೋಡಿ, ಜೇನಿನ ಥರ ಸುರೀತಿತ್ತು. ಬ್ರೆಡ್ಡಿಗೆ ಹಾಕ್ಕೊಂಡು ಎರಡೇ ದಿನದಲ್ಲಿ ಪೂರ್ತಿ ಖಾಲಿ ಮಾಡ್ಬಿಟ್ಟೆ!"

ಅಂಗಡಿಯಣ್ಣ ಅಕ್ಕನ ಕಡೆ ನೋಡಿ ಕಣ್ಣಿನಲ್ಲೇ ಸನ್ನೆ ಮಾಡಿದ, ಬಿಡಿ, ಚೆನ್ನಾಗೇ ಇದಾಳಲ್ಲ, ಸುಮ್ಮನಿರಿ ಎಂದು. ಬಾಯಲ್ಲಿ, "ಖಾಲಿ ಆಗಿದೆಯಮ್ಮ, ಮುಂದಿನ ವಾರ ಬನ್ನಿ" ಎಂದ. ಅಲ್ಲಿಗೆ ಮುಗಿದಿತ್ತು. ಹುಡುಗಿ ಸರಿ ಎಂದು ತಿರುಗಿಯೂ ಆಗಿತ್ತು.

ಸೋಡಾ ಅಕ್ಕ ಕ್ರೇಟಿನಿಂದ ಎದ್ದರು. "ನಿಲ್ಲಮ್ಮ. ಆ ಜೆಲ್ಲಿ ಮಾಡಿದವಳು ನಾನು. ಅದು ಹಾಗೆ ಸುರೀಬಾರ್ದಾಗಿತ್ತು. ನಿಂಬೆರಸ ಹಾಕೋದು ತಪ್ಪಿಹೋಗಿತ್ತು" ಎಂದರು.

ನಗು ಹುಡುಗಿಯ ಮುಖದಿಂದ ಇಳಿಯುವುದನ್ನು ಅಕ್ಕ ಕಣ್ಣಾರೆ ಕಂಡರು. ಸೊಂಟದ ಮೇಲಿದ್ದ ಕೈ ಹೊಟ್ಟೆಯ ಮೇಲೆ ಬಂತು. "ಅಂದ್ರೆ? ಏನಾಗುತ್ತೆ?"

"ಗೊತ್ತಿಲ್ಲಮ್ಮ."

ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಆದರೆ ಅಕ್ಕನ ಹತ್ತಿರ ಬೇರೆ ನಿಜವೂ ಇರಲಿಲ್ಲ. ಆಟೋದಲ್ಲಿ ಹುಡುಗಿ ಒಂದು ತುದಿಗೆ, ಇವರು ಇನ್ನೊಂದು ತುದಿಗೆ ಕೂತು ಹುಡುಗಿ ತೋರಿಸಿಕೊಳ್ಳುವ ಡಾಕ್ಟರಮ್ಮನ ಹತ್ತಿರ ಹೋದರು. ಕಾಯುವ ಬೆಂಚಿನ ಮೇಲೆ ನಲವತ್ತು ನಿಮಿಷ. ಹುಡುಗಿ ಹೊಟ್ಟೆಯ ಮೇಲೆ ಅಂಗೈ ಊರಿ ಮಗು ಒದೆಯುವುದನ್ನೇ ಕಾಯುತ್ತಿದ್ದಳು, ಸೋಡಾ ಅಕ್ಕ ಆ ಅಂಗೈಯನ್ನೇ ನೋಡುತ್ತಿದ್ದರು. ಹುಡುಗಿ ಒಮ್ಮೆ ಉಸಿರು ಬಿಟ್ಟಾಗ ಒದೆಯಿತು ಎಂದು ಗೊತ್ತಾಯಿತು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಎಷ್ಟು ಸಕ್ಕರೆ, ಎಷ್ಟು ಹೊತ್ತು ಕುದಿಸಿದ್ದು, ಯಾವ ಪಾನೀಯ, ಎಷ್ಟು ದಿನದಲ್ಲಿ ತಿಂದದ್ದು. ಪರೀಕ್ಷೆ ಮಾಡಿ, ಮಗುವಿನ ಎದೆಬಡಿತ ಕೇಳಿಸಿದರು. ಕೋಲಾದಲ್ಲೇ ಬೇಕಾದಷ್ಟು ಹುಳಿಯಿದೆ, ಜೊತೆಗೆ ಇಷ್ಟು ಸಕ್ಕರೆ, ಮಾಡಿದ ಎರಡೇ ದಿನದಲ್ಲಿ ತಿಂದಿದ್ದೀರಿ, ಏನೂ ಆಗಿಲ್ಲ, ಆಗುವುದೂ ಇಲ್ಲ ಎಂದರು. "ಒಂದು ಜಾಡಿ ಎರಡು ದಿನಕ್ಕೆ ಮುಗಿಸಿದ್ದಕ್ಕೆ ಬೇಕಾದ್ರೆ ಬೈತೀನಿ" ಎಂದು ನಕ್ಕರು. ಹುಡುಗಿ ನಗಲಿಲ್ಲ.

ಗೇಟಿನ ಹೊರಗೆ ಬಂದ ಮೇಲೆ ಅವಳು ಮೊದಲ ಸಲ ಬಾಯಿಬಿಟ್ಟಳು. "ಡಾಕ್ಟರ್ ಹೇಳಿದ್ದು ಸರಿ ಇರ್ಬಹುದು. ಆದ್ರೆ ಇನ್ಮೇಲೆ ಮಗು ಒಂದು ಗಳಿಗೆ ಒದೀದೆ ಇದ್ರೂ ನನಗೆ ನಿಮ್ಮ ಜಾಡಿನೇ ನೆನಪಾಗುತ್ತೆ. ನಾನು ಚೆನ್ನಾಗೇ ಇದ್ನಲ್ಲಾ. ಯಾಕೆ ಹೇಳಿದ್ರಿ?"

ಅಷ್ಟು ಹೇಳಿ ಅವಳು ರಸ್ತೆ ದಾಟಿದಳು. ಆಮೇಲೆ ಆ ಅಂಗಡಿಗೂ ಬಂದಿಲ್ಲ, ಆ ಸ್ಟಾಪಿನಲ್ಲೂ ಇಳಿದಿಲ್ಲ. ಹೆಸರು ಕೇಳಲು ಅಕ್ಕನಿಗೆ ಬಾಯಿ ಬಂದಿರಲಿಲ್ಲ.

ಒಲೆ ಮತ್ತೆ ಹತ್ತಿತು, ಹತ್ತಿಸಿದವಳು ಸೊಸೆ. ಒಂದು ಬೆಳಿಗ್ಗೆ ಹೇಳದೆ ಕೇಳದೆ ನಿಂಬೆಹಣ್ಣು ಹಿಂಡಿಟ್ಟು, "ಅತ್ತೆ, ಬನ್ನಿ, ಮುಚ್ಚಳ ತೆಗೆದು ನೋಡಿ" ಎಂದು ಕರೆದಳಂತೆ. ಈಗ ಈ ಅಡುಗೆಮನೆಯಲ್ಲಿ ಯಾವ ಬಟ್ಟಲಿಗೂ ತಟ್ಟೆ ಮುಚ್ಚುವುದಿಲ್ಲ. ಪಾಕಕ್ಕೆ ಬೀಳುವ ಪ್ರತಿಯೊಂದನ್ನೂ ಒಬ್ಬರು ಗಟ್ಟಿಯಾಗಿ ಕೂಗಿ ಹಾಕಬೇಕು, ಇನ್ನೊಬ್ಬರು 'ಬಿತ್ತು' ಅನ್ನಬೇಕು. "ನಿಂಬೆ!" "ಬಿತ್ತು!" ಎಂದು ಬೆಳಗಿನ ಆರಕ್ಕೆ ಕೂಗು ಕೇಳಿ ಓಣಿಯವರು ಅತ್ತೆ ಸೊಸೆ ಜಗಳಕ್ಕೆ ನಿಂತರು ಅಂದುಕೊಂಡಿದ್ದುಂಟು. ಲೇಬಲ್ಲಿನ ಮೇಲೆ ಮನೆಯ ಫೋನ್ ನಂಬರೂ ಬಂದಿದೆ. ಯಾವ ಜಾಡಿ ಯಾರ ಮನೆಗೆ ಹೋಯಿತೆಂದು ಅಂಗಡಿಯಣ್ಣ ಕೇಳಿ ಬರೆದಿಡುತ್ತಾನೆ. ಗೊಣಗುತ್ತಾನೆ, ಆದರೂ ಬರೆಯುತ್ತಾನೆ.

ಹೇಳಿದ್ದು ತಪ್ಪಾಯಿತೇ ಎಂದು ಕೇಳಿದರೆ ಸೋಡಾ ಅಕ್ಕ ಜಾಡಿಯೊಂದನ್ನು ಎತ್ತಿ ಒರೆಸತೊಡಗುತ್ತಾರೆ. "ಹೇಳದೆ ಇದ್ದಿದ್ರೆ ಅವಳು ಇವತ್ತೂ ಬರ್ತಿದ್ಲು, ನಗ್ತಾ ಬರ್ತಿದ್ಲು" ಎನ್ನುತ್ತಾರೆ. "ನನ್ನ ಭಯ ಇಳಿಸ್ಕೊಳ್ಳೋಕೆ ಹೋಗಿ ಅವಳ ತಲೆ ಮೇಲೆ ಇಟ್ನೋ ಏನೋ. ಆದ್ರೆ ತಿಂದವಳು ಅವಳು. ಏನು ತಿಂದೆ ಅಂತ ಅವಳಿಗೆ ಗೊತ್ತಿರ್ಬೇಕಲ್ವಾ? ಇನ್ನೊಂದು ಸಲ ಹಾಗಾದ್ರೂ ಹೇಳ್ತೀನಿ. ಹೆದರಿಕೆ ಆದ್ರೂ ಹೇಳ್ತೀನಿ."

ಲೆಕ್ಕದ ಪ್ರಕಾರ ಹುಡುಗಿಗೆ ಈಗ ಒಂಬತ್ತು ತಿಂಗಳು ತುಂಬಿರಬೇಕು. ಇವತ್ತೋ ನಾಳೆಯೋ. ಡಾಕ್ಟರಮ್ಮನ ಮಾತನ್ನು ಅಕ್ಕ ಬಾಯಿಪಾಠ ಮಾಡಿಕೊಂಡಿದ್ದಾರೆ, ಆದರೂ ದಿನಕ್ಕೊಮ್ಮೆ ಬಸ್‌ಸ್ಟಾಪಿನ ತನಕ ಹೋಗಿ ಬರುತ್ತಾರೆ. ಇಂಥ ದುಡಿಮೆಗಾರರನ್ನು ಕಂಡಾಗ ಎಲ್ಲರೂ ಕೇಳುವ ಪ್ರಶ್ನೆಯಿದೆಯಲ್ಲ, ಮುಂದೇನು ಆಸೆ, ದೊಡ್ಡ ಅಡುಗೆಮನೆಯೋ, ಸ್ವಂತ ಅಂಗಡಿಯೋ? ಅವೆರಡೂ ಬೇಡ ಎಂದು ತಲೆಯಾಡಿಸುತ್ತಾರೆ ಸೋಡಾ ಅಕ್ಕ. "ಮಗು ಎತ್ಕೊಂಡು ಈ ದಾರೀಲಿ ಒಂದೇ ಒಂದು ಸಲ ಹೋಗ್ಲಿ. ನನ್ನ ಹತ್ರ ಏನೂ ತಗೊಳ್ಳೋದು ಬೇಡ, ಮಾತಾಡ್ಸೋದೂ ಬೇಡ, ಮುಖ ತಿರುಗಿಸ್ಕೊಂಡೇ ಹೋಗ್ಲಿ. ಆ ಮಗು ಅಳೋದು ಕಿವಿಗೆ ಬಿದ್ರೆ ಸಾಕು."